ಕೆಂಪು ಥಾರ್, ಅಪ್ಪನ ಮೊಣಕಾಲು

ಓದುಗರ ಪತ್ರ: ನನಗೆ ಬೆಂಗಳೂರಿನಲ್ಲಿ ಕೆಲಸ. ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ ಇದೆ. ಅಪ್ಪ, ಅಮ್ಮ ಅಲ್ಲೇ ಇರುತ್ತಾರೆ. ತಿಂಗಳಿಗೆ ಎರಡು ಸಲ ಹೆಂಡತಿ, ಏಳು ವರ್ಷದ ಮಗನ ಜೊತೆ ಹೋಗಿ ಬರುತ್ತೇನೆ. ಟಾರು ರಸ್ತೆ ಮುಗಿದ ಮೇಲೆ ಮನೆಗೆ ಒಂದೂವರೆ ಕಿಲೋಮೀಟರ್ ಮಣ್ಣಿನ ದಾರಿ. ಮಳೆಗಾಲದಲ್ಲಿ ನಮ್ಮ ಸಣ್ಣ ಕಾರನ್ನು ಪಕ್ಕದ ತೋಟದವರ ಅಂಗಳದಲ್ಲಿ ಬಿಟ್ಟು, ಕೊಡೆ ಹಿಡಿದು ನಡೆಯುತ್ತೇವೆ. ಮಹೀಂದ್ರದ ಮೂರು ಬಾಗಿಲಿನ ಕೆಂಪು ಥಾರ್ ಜೀಪು ತಗೊಳ್ಳಬೇಕು ಅಂತ ನಾಲ್ಕು ವರ್ಷದ ಆಸೆ. ಆನ್‌ರೋಡ್ 18 ಲಕ್ಷದವರೆಗೆ ಹೊಂದಿಸಬಲ್ಲೆ. ಹೆಂಡತಿ ‘ಅದು ಶೋಕಿ ಗಾಡಿ’ ಅಂತಾಳೆ. ಮೊಣಕಾಲು ನೋವಿನ ಅಪ್ಪ ‘ಸುಮ್ನೆ ಬೊಲೆರೊ ತಗೋ’ ಅಂತಾರೆ. ಚೆಂದ ನೋಡಬೇಕೋ, ಉಪಯೋಗ ನೋಡಬೇಕೋ? ದೊಡ್ಡ ಟೈರು, ಕಬ್ಬಿಣದ ಬಂಪರ್ ಹಾಕಿಸಬಹುದಾ?

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ಮೊದಲು ನಕ್ಕೆ. ಬೇಜಾರು ಮಾಡಿಕೊಳ್ಳಬೇಡಿ. ಇದೇ ಪತ್ರವನ್ನು ಮೂವತ್ತು ವರ್ಷದ ಹಿಂದೆ ನಾನೂ ಯಾರಿಗಾದರೂ ಬರೆಯಬಹುದಿತ್ತು. ಬರೆಯಲಿಲ್ಲ. ನೇರ ಹೋಗಿ ಒಂದು ಹಳೆ ಜೀಪು ತಂದೆ. ಆ ಕಥೆ ಆಮೇಲೆ.

ಮೊದಲು ನಿಮ್ಮ ಮನೆಯವರ ‘ಶೋಕಿ ಗಾಡಿ’ ಮಾತಿಗೆ ಬರೋಣ. ಜೀಪಿನ ಚೆಹರೆ ಶೋಕಿಗೆ ಹುಟ್ಟಿದ್ದಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೈನ್ಯಕ್ಕೆ ವಿಲೀಸ್ ಜೀಪು ತಯಾರಾದಾಗ ಅದರ ಅಂದಚೆಂದದ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಬೇಗ ಮಾಡಬೇಕಿತ್ತು, ಬೇಗ ರಿಪೇರಿ ಆಗಬೇಕಿತ್ತು. ಅದಕ್ಕೇ ಚಪ್ಪಟೆ ಮಡ್‌ಗಾರ್ಡ್. ಒಳಗೆ ಜಾಗ ಇಲ್ಲ, ಅದಕ್ಕೇ ಸ್ಟೆಪ್ನಿ ಹೊರಗೆ. ಮುಂದಿನ ಚಕ್ರ ಮೂತಿಯ ತುದಿಯಲ್ಲೇ ಇರೋದು ಯಾಕೆ? ದಿಣ್ಣೆ ಹತ್ತುವಾಗ ಬಂಪರ್‌ಗಿಂತ ಮೊದಲು ಚಕ್ರ ಮಣ್ಣು ಮುಟ್ಟಲಿ ಅಂತ. 1947ರಲ್ಲಿ ಮಹೀಂದ್ರದವರು ಮುಂಬೈಯಲ್ಲಿ ವಿಲೀಸ್ ಜೀಪುಗಳನ್ನು ಜೋಡಿಸಲು ಶುರು ಮಾಡಿದರು. ಆ ಚೆಹರೆ ನಮ್ಮ ಮಲೆನಾಡಿಗೂ ಬಂತು. ಇಂದಿನ ಥಾರ್ ಅದರ ಮೊಮ್ಮಗ.

ಹಾಗಾಗಿ ‘ಚೆಂದವೋ ಉಪಯೋಗವೋ’ ಅನ್ನೋ ನಿಮ್ಮ ಪ್ರಶ್ನೆಯೇ ಸ್ವಲ್ಪ ಓರೆಯಾಗಿದೆ ಅನಿಸುತ್ತೆ. ಥಾರ್ ಉದ್ದದಲ್ಲಿ ಗಿಡ್ಡ, ಅದಕ್ಕೇ ಚೆಂದ. ಗಿಡ್ಡ ಇರೋದರಿಂದಲೇ ಉಬ್ಬಿನ ಮೇಲೆ ಹೊಟ್ಟೆ ತಾಗುವುದಿಲ್ಲ. ಅದೇ ಗಿಡ್ಡತನದಿಂದಲೇ ಹಿಂದಿನ ಸೀಟಿಗೆ ಬಾಗಿಲಿಲ್ಲ, ಡಿಕ್ಕಿ ಇದ್ದೂ ಇಲ್ಲದ ಹಾಗೆ, ಹೈವೇಯಲ್ಲಿ ಎತ್ತಿ ಹಾಕುತ್ತೆ. ಮೂರೂ ಒಂದೇ ಕಾರಣಕ್ಕೆ ಬಂದದ್ದು. ಅಂದರೆ ಜಗಳ ಇರೋದು ಚೆಂದಕ್ಕೂ ಉಪಯೋಗಕ್ಕೂ ಅಲ್ಲ. ದಾರಿಗೆ ಆಗುವ ಉಪಯೋಗಕ್ಕೂ ಮನೆಯವರಿಗೆ ಆಗುವ ಉಪಯೋಗಕ್ಕೂ. ದಾರಿಗೆ ಥಾರ್ ಒಳ್ಳೆಯದು. ಒಳಗೆ ಕೂರುವವರಿಗೆ ಹೇಗೆ ಅನ್ನೋದು ಬೇರೆ ಮಾತು.

ಒಳಗೆ ಕೂರುವವರನ್ನು ಎಣಿಸಿ. ನೀವು, ಹೆಂಡತಿ, ಮಗ, ಅಪ್ಪ, ಅಮ್ಮ: ಐದು ಜನ. ಮೂರು ಬಾಗಿಲಿನ ಥಾರ್‌ಗೆ ಸೀಟು ನಾಲ್ಕೇ. ಮಾರುತಿಯ ಐದು ಬಾಗಿಲಿನ ಜಿಮ್ನಿಗೂ ನಾಲ್ಕೇ! ಬಾಗಿಲು ನೋಡಿ ಎಷ್ಟೋ ಜನ ಮೋಸ ಹೋಗುತ್ತಾರೆ. ಥಾರ್‌ನಲ್ಲಿ ಹಿಂದೆ ಕೂರಬೇಕಾದರೆ ಮುಂದಿನ ಸೀಟು ಮಡಚಿ, ಎತ್ತರಕ್ಕೆ ಕಾಲಿಟ್ಟು, ಬಗ್ಗಿ ನುಸುಳಬೇಕು. ನಿಮ್ಮ ಮಗ ಖುಷಿಯಾಗಿ ಹತ್ತುತ್ತಾನೆ. ಅಪ್ಪನಿಗೆ ಮುಂದಿನ ಸೀಟು ಬಿಟ್ಟುಕೊಟ್ಟರೂ ಅಮ್ಮ ಸೀರೆ ಎತ್ತಿ ಹಿಡಿದು ಒಳಗೆ ನುಸುಳಬೇಕು. ಒಂದು ಮದುವೆಗೆ ಹಾಗೆ ಹೋಗಿ ಬನ್ನಿ, ಎರಡನೇ ಮದುವೆಗೆ ಅಮ್ಮ ಬಸ್ಸು ಹಿಡಿಯುತ್ತಾರೆ.

ಇನ್ನು ದಾರಿ. ಪೆನ್ನು ತೆಗೆದುಕೊಳ್ಳಿ. ಬೆಂಗಳೂರಿನಿಂದ ಹಾಸನ, ಬೇಲೂರು ಮೇಲೆ ಮೂಡಿಗೆರೆಗೆ ಹೆಚ್ಚುಕಡಿಮೆ 250 ಕಿಲೋಮೀಟರ್. ಹೋಗಿ ಬರಲು 500. ವರ್ಷಕ್ಕೆ 24 ಸಲ, ಅಂದರೆ 12,000 ಕಿಲೋಮೀಟರ್. ಅದರಲ್ಲಿ ನಿಮ್ಮ ಮಣ್ಣಿನ ದಾರಿ 72 ಕಿಲೋಮೀಟರ್. ನಿಮ್ಮ ಸಣ್ಣ ಕಾರು ಹೋಗಲಾರದ್ದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಅಂದುಕೊಂಡರೆ ಬರೀ 24 ಕಿಲೋಮೀಟರ್. ಬೆಂಗಳೂರಿನ ಟ್ರಾಫಿಕ್ಕನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ.

24 ಕಿಲೋಮೀಟರಿಗೆ 18 ಲಕ್ಷವಾ ಅಂತ ಗೇಲಿ ಮಾಡಿ ಮುಗಿಸಬಹುದಿತ್ತು. ಆದರೆ ಮಲೆನಾಡಿನಲ್ಲಿ ಬೆಳೆದವನು ಹಾಗೆ ಮಾಡಲಾರ. ಜುಲೈ ತಿಂಗಳ ಒಂದು ರಾತ್ರಿ ಕರೆಂಟಿಲ್ಲ, ಮಳೆ ಹಿಡಿದಿದೆ, ಮನೆಯಲ್ಲಿ ಯಾರಿಗೋ ಎದೆನೋವು. ಆಗ ಆ ಒಂದೂವರೆ ಕಿಲೋಮೀಟರೇ ಎಲ್ಲ. ಈ ಲೆಕ್ಕವನ್ನು ಕಿಲೋಮೀಟರಿನಲ್ಲಿ ಮಾಡಲು ಬರುವುದಿಲ್ಲ.

ಈಗ ಒಂದು ಮಾತು ಕೇಳುತ್ತೇನೆ. ಆ ರಾತ್ರಿ ನಿಮ್ಮ ಕೆಂಪು ಥಾರ್ ಎಲ್ಲಿರುತ್ತೆ?

ಬೆಂಗಳೂರಿನಲ್ಲಿ, ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ. ತಿಂಗಳಿಗೆ ಎರಡು ಸಲ ಎರಡೆರಡು ದಿನ ನೀವು ತೋಟದಲ್ಲಿದ್ದರೆ ಉಳಿದ ಇಪ್ಪತ್ತಾರು ದಿನ ಅಪ್ಪ, ಅಮ್ಮ ಇಬ್ಬರೇ. ನಿಮ್ಮ ಪತ್ರದಲ್ಲಿ ಗಾಡಿ ಇದೆ, ದಾರಿ ಇದೆ, ಬಣ್ಣವೂ ಇದೆ. ಅಲ್ಲಿ ದಿನವೂ ಗಾಡಿ ಬೇಕಾಗೋದು ಯಾರಿಗೆ ಅನ್ನೋದು ಮಾತ್ರ ಇಲ್ಲ.

ನಿಮ್ಮ ಅಪ್ಪ ಬೊಲೆರೊ ಅಂದದ್ದು ಇದೇ ಯೋಚನೆಯಲ್ಲಿರಬಹುದು. ಅವರಿಗೆ ಆ ದಾರಿ ದಿನಾ ಕಾಣುತ್ತೆ. ಕೆಟ್ಟ ದಾರಿಯಲ್ಲಿ ಬದುಕು ಮಾಡುವವರು ಯಾವ ಗಾಡಿ ಇಟ್ಟಿದ್ದಾರೆ ನೋಡಿ. ಕೊಡಚಾದ್ರಿಗೆ ಜನರನ್ನು ಹತ್ತಿಸುವವರ ಹತ್ತಿರ, ಮಡಿಕೇರಿಯಿಂದ ಮಾಂದಲಪಟ್ಟಿಗೆ ಕರೆದೊಯ್ಯುವವರ ಹತ್ತಿರ ಇರೋದು ಬಹುಪಾಲು ಹಳೆ ಜೀಪು, ಪಿಕಪ್ಪುಗಳೇ. ಬಣ್ಣ ಹೋಗಿರುತ್ತೆ, ಬಾಗಿಲು ಕಿರುಗುಟ್ಟುತ್ತೆ. ಟೈರು ಮಾತ್ರ ಚೆನ್ನಾಗಿರುತ್ತೆ. ಮಳೆ ಹಿಡಿದರೆ ಹಿಂದಿನ ಚಕ್ರಕ್ಕೆ ಕಬ್ಬಿಣದ ಚೈನು ಸುತ್ತುತ್ತಾರೆ. ನಿಮ್ಮ ಊರಿನಲ್ಲೂ ನೋಡಿರುತ್ತೀರಿ. ಎರಡೇ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ ಹಳೆ ಟೂ ವೀಲ್ ಜೀಪು ಚೈನು ಹಾಕಿಕೊಂಡು, ನಾಲ್ಕಕ್ಕೂ ಶಕ್ತಿ ಹೋಗುವ ಹೊಳೆಯುವ ಫೋರ್ ವೀಲ್ ಗಾಡಿ ಜಾರಿದ ಕಡೆಯೂ ಗೊಣಗುತ್ತಾ ಹತ್ತಿ ಹೋಗುತ್ತೆ. ಟಾರಿಗೆ ಬಂದ ಕೂಡಲೇ ಚೈನು ಬಿಚ್ಚಬೇಕು, ಅಷ್ಟೇ.

ಅದಕ್ಕೇ ನನ್ನ ಮೊದಲ ಸಲಹೆ ನಿಮಗೆ ರುಚಿಸಲಿಕ್ಕಿಲ್ಲ. 18 ಲಕ್ಷದಲ್ಲಿ ಒಂದು ಪಾಲು ತೆಗೆದು ದಾರಿಗೆ ಹಾಕಿ. ಒಂದೂವರೆ ಕಿಲೋಮೀಟರ್ ಪೂರ್ತಿ ಬೇಡ. ಗಾಡಿ ಹೂತುಹೋಗುವ ಜಾಗ ಎರಡೋ ಮೂರೋ ಇರುತ್ತೆ: ಒಂದು ಏರು, ಒಂದು ತಿರುವು, ಒಂದು ಹಳ್ಳದ ದಾಟು. ಅಲ್ಲಿ ಎರಡು ಚಕ್ರದ ಜಾಡಿಗೆ ಎರಡು ಪಟ್ಟಿ ಕಾಂಕ್ರೀಟ್ ಹಾಕಿಸಿ. ನೀರು ದಾರಿಯ ಮೇಲೆ ಹರಿಯದ ಹಾಗೆ ಪಕ್ಕಕ್ಕೆ ಚರಂಡಿ ತೆಗೆಸಿ. ದಾರಿ ಹಾಳಾಗೋದು ಚಕ್ರದಿಂದಲ್ಲ, ನೀರಿನಿಂದ. ಇನ್ನೊಂದು ಪಾಲಿನಲ್ಲಿ ತೋಟದಲ್ಲೇ ಇರುವ ಹಾಗೆ ಒಂದು ಹಳೆ ಜೀಪೋ ಬೊಲೆರೊವೋ ತನ್ನಿ. ಅಪ್ಪನ ಕಾಲಿಗೆ ಕ್ಲಚ್ ಕಷ್ಟವಾದರೆ ಓಡಿಸಲು ತೋಟದ ಲೆಕ್ಕ ನೋಡುವ ರೈಟರೋ ಪಕ್ಕದ ಮನೆ ಹುಡುಗನೋ ಸಿಗುತ್ತಾರೆ. ಗೊಬ್ಬರದ ಚೀಲವೂ ಬರುತ್ತೆ, ಆಳುಗಳನ್ನು ಬಿಟ್ಟು ಬರಲಿಕ್ಕೂ ಆಗುತ್ತೆ. ಹೊಸ ಥಾರ್‌ನ ಸೀಟಿನ ಮೇಲೆ ಯೂರಿಯಾ ಚೀಲ ಇಡಲು ನಿಮಗೇ ಮನಸ್ಸು ಬರಲ್ಲ, ಅಲ್ವಾ?

ಹಳೆ ಜೀಪು ತರುವಾಗ ಬಣ್ಣ ನೋಡಬೇಡಿ, ಅಡಿಗೆ ಮಲಗಿ ನೋಡಿ. ಚಾಸಿಗೆ, ಅಂದರೆ ಅಡಿಯ ಕಬ್ಬಿಣದ ಚೌಕಟ್ಟಿಗೆ, ತುಕ್ಕು ಹಿಡಿದಿದೆಯಾ? ಫೋರ್ ವೀಲ್ ಲಿವರ್ ಇದ್ದರೆ ಸಾಲದು, ಮುಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟ್ ಜಾಗದಲ್ಲಿ ಇದೆಯಾ ನೋಡಿ. ಎಷ್ಟೋ ಸಲ ಬಿಚ್ಚಿ ಮೂಲೆಗಿಟ್ಟಿರುತ್ತಾರೆ. ಎಂಜಿನ್ ಬದಲಾಗಿದ್ದರೆ ಆರ್‌ಸಿಯಲ್ಲಿ ಬರೆದಿರಬೇಕು. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಆ ಕಾಗದ ಇಲ್ಲದೆ ಮುಂಗಡ ಕೊಡಬೇಡಿ.

‘ಎರಡು ಗಾಡಿ ಸಾಕಲು ಆಗಲ್ಲ ಸಾರ್, ಒಂದೇ ಬೇಕು’ ಅನ್ನುತ್ತೀರಾ? ಸರಿ, ಅದನ್ನೂ ನೋಡೋಣ.

ಥಾರ್ ಅಂದರೆ ಎಲ್ಲವೂ ಫೋರ್ ವೀಲ್ ಅಲ್ಲ. 2023ರ ಜನವರಿಯಿಂದ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ ಹೋಗುವ ಥಾರ್ ಕೂಡ ಇದೆ. ಅದರ ಡೀಸೆಲ್ ಎಂಜಿನ್ 1.5 ಲೀಟರ್. ನಾಲ್ಕು ಮೀಟರ್ ಒಳಗಿನ, 1500 ಸಿಸಿ ಮೀರದ ಡೀಸೆಲ್ ಗಾಡಿಗೆ ತೆರಿಗೆ ಕಡಿಮೆ. ಥಾರ್ ಉದ್ದ 3985 ಮಿಲಿಮೀಟರ್. ಅದಕ್ಕೇ ಬೆಲೆ ಕಮ್ಮಿ. ಹೊರಗಿನಿಂದ ನೋಡಿದರೆ ಅಣ್ಣತಮ್ಮಂದಿರ ಹಾಗೆ ಒಂದೇ ಥರ. ಒಳಗೆ ಗೇರಿನ ಪಕ್ಕ ಫೋರ್ ವೀಲ್ ಹಾಕುವ ಎರಡನೇ ಲಿವರ್ ಇದೆಯಾ ನೋಡಿ. ಅದಿಲ್ಲದಿದ್ದರೆ ನಿಮ್ಮ ಮನೆಯವರು ಹೇಳಿದ್ದೇ ಸರಿ. ಜಂಬಿಟ್ಟಿಗೆ ಮಣ್ಣಿನ ಏರಿನಲ್ಲಿ ಅದೂ ನಿಮ್ಮ ಸಣ್ಣ ಕಾರಿನ ಹಾಗೆ ಚಕ್ರ ತಿರುಗಿಸುತ್ತಾ ನಿಂತುಬಿಡಬಹುದು.

ಎರಡನೇ ಲಿವರ್ ಇರುವ ಥಾರ್‌ಗೆ ನೆಲದಿಂದ 226 ಮಿಲಿಮೀಟರ್ ಎತ್ತರ, 650 ಮಿಲಿಮೀಟರ್ ನೀರಿನಲ್ಲಿ ನಡೆಯುವ ತಾಕತ್ತು. ಜಿಮ್ನಿಗೆ ನೆಲದಿಂದ ಎತ್ತರ 210. ಆದರೆ ಜಿಮ್ನಿ ಹಗುರ, ಸುಮಾರು 1200 ಕಿಲೋ. ಕೆಸರಿನಲ್ಲಿ ಹಗುರ ಗಾಡಿಗೆ ಇರುವ ಅನುಕೂಲವನ್ನು ಕಾಗದದ ಮೇಲೆ ತೋರಿಸಲು ಆಗಲ್ಲ. ಅದರ ಅಗಲ 1645 ಮಿಲಿಮೀಟರ್, ಥಾರ್‌ಗೆ 1820. ಬೇಲಿಯ ನಡುವಿನ ದಾರಿಯಲ್ಲಿ ಎದುರಿಗೆ ಪಿಕಪ್ ಬಂದಾಗ ಈ ಮುಕ್ಕಾಲು ಗೇಣಿನ ಬೆಲೆ ಗೊತ್ತಾಗುತ್ತೆ. ಜಿಮ್ನಿಯಲ್ಲಿ ಡೀಸೆಲ್ ಇಲ್ಲ, ಹಿಂದಿನ ಸೀಟು ಮಡಚದಿದ್ದರೆ ಡಿಕ್ಕಿ 208 ಲೀಟರ್ ಮಾತ್ರ. ಐದು ಜನರ ಲೆಕ್ಕ ಹಿಡಿದರೆ 2024ರ ಆಗಸ್ಟಿನಲ್ಲಿ ಬಂದ ಥಾರ್ ರಾಕ್ಸ್ ನಿಮಗೆ ಸರಿ. ಐದು ಬಾಗಿಲು, ಐದು ಸೀಟು. ಆದರೆ ಅದರಲ್ಲಿ ಫೋರ್ ವೀಲ್ ಬೇಕೆಂದರೆ ನಿಮ್ಮ 18 ಲಕ್ಷ ಸಾಲಲ್ಲ. ನಮ್ಮ ರಾಜ್ಯದಲ್ಲಿ 10ರಿಂದ 20 ಲಕ್ಷದ ಕಾರಿಗೆ ಜೀವಾವಧಿ ತೆರಿಗೆಯೇ ಶೇ 17. ಶೋರೂಮ್ ಬೆಲೆ ನೋಡಿ ಕುಣಿಯಬೇಡಿ. ಫೋರ್ಸ್ ಕಂಪನಿಯ ಗೂರ್ಖಾ ಬಗ್ಗೆ ಕೇಳುವವರೂ ಇದ್ದಾರೆ. ಮುಂದೆ, ಹಿಂದೆ ಎರಡೂ ಕಡೆ ಡಿಫರೆನ್ಷಿಯಲ್ ಲಾಕ್ (ಎಡ, ಬಲ ಚಕ್ರ ಒಟ್ಟಿಗೇ ತಿರುಗುವ ಹಾಗೆ ಕಟ್ಟಿಹಾಕುವ ಬೀಗ) ಇರುವ ಗಟ್ಟಿ ಗಾಡಿ. ನಿಮ್ಮ ದಾರಿಗೆ ಅಷ್ಟು ಬೇಡ.

ಯಾವುದೇ ತಂದರೂ ಒಂದು ವಿಷಯ ಕಲಿತುಕೊಳ್ಳಿ. ಈ ಗಾಡಿಗಳಲ್ಲಿ ಫೋರ್ ವೀಲ್ ಹಾಕಿ ಒಣ ಟಾರಿನ ಮೇಲೆ ಓಡಿಸಬಾರದು. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಹೋಗಬೇಕು, ಹಿಂದಿನದು ಕಡಿಮೆ. ಎರಡನ್ನೂ ಒಟ್ಟಿಗೆ ಕಟ್ಟಿಹಾಕಿದರೆ ಒಳಗಿನ ಗೇರು, ಶಾಫ್ಟು ತಿರುಚಿಕೊಂಡು ಒದ್ದಾಡುತ್ತವೆ. ಮಣ್ಣಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಸರಿಮಾಡಿಕೊಳ್ಳುತ್ತೆ. ಇಳಿಜಾರಿನಲ್ಲಿ ಲೋ ಗೇರಿಗೆ ಹಾಕಿ ಬ್ರೇಕಿನ ಮೇಲಿನ ಕಾಲು ತೆಗೆಯಿರಿ, ಎಂಜಿನ್ನೇ ಹಿಡಿದು ಇಳಿಸುತ್ತೆ. ಫೋರ್ ವೀಲ್ ಇದ್ದರೆ ಹತ್ತಲು ಅನುಕೂಲ, ನಿಲ್ಲಲು ಅಲ್ಲ. ಬ್ರೇಕು ಎಲ್ಲ ಕಾರಿಗೂ ನಾಲ್ಕೇ ಚಕ್ರಕ್ಕೆ.

ಈಗ ದೊಡ್ಡ ಟೈರು, ಕಬ್ಬಿಣದ ಬಂಪರು. ಇಲ್ಲೇ ನನ್ನ ಕಥೆ. ತಂದ ಹಳೆ ಜೀಪಿಗೆ ಚೆನ್ನಾಗಿ ಕಾಣಲಿ ಅಂತ ಅಗಲದ ಟೈರು ಹಾಕಿಸಿದೆ. ನೋಡಿದವರೆಲ್ಲ ‘ಭರ್ಜರಿ’ ಅಂದರು. ಮೊದಲ ಮಳೆಗಾಲದಲ್ಲೇ ಮನೆ ಹತ್ತಿರದ ತಿರುವಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದೆ. ಟೈರು ಮಡ್‌ಗಾರ್ಡಿಗೆ ಉಜ್ಜಿ ಅಲ್ಲೇ ಸಿಕ್ಕಿಕೊಂಡಿತು. ಜೀಪು ನೇರ ಚರಂಡಿಗೆ. ಎಳೆಯಲು ಬಂದ ಟ್ರಾಕ್ಟರ್ ಡ್ರೈವರ್ ಚಕ್ರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ‘ಚಪ್ಪಲಿ ದೊಡ್ಡದಾದ್ರೆ ಓಟ ಜಾಸ್ತಿ ಆಗುತ್ತಾ ಸಾರ್?’ ಅಂದ. ಅಡಿಯಲ್ಲಿ ಗಟ್ಟಿ ನೆಲ ಇರುವ ಕೆಸರಿಗೆ ಸಪೂರ ಟೈರೇ ವಾಸಿ, ಕತ್ತರಿಸಿಕೊಂಡು ಕೆಳಗಿನ ನೆಲ ಹಿಡಿಯುತ್ತೆ. ಇದು ನನಗೆ ಗೊತ್ತಾದದ್ದು ಅದಾದ ಮೇಲೆ.

ಬಂಪರ್ ಬೇಡವೇ ಬೇಡ. ಕಾರಿನ ಮುಂದೆ ಕಬ್ಬಿಣದ ಗಾರ್ಡ್ ಹಾಕುವವರ ಮೇಲೆ ಕ್ರಮ ತೆಗೆದುಕೊಳ್ಳಿ ಅಂತ 2017ರಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದಿದೆ. ಗುದ್ದಿದಾಗ ಏರ್‌ಬ್ಯಾಗಿನ ಲೆಕ್ಕ ತಪ್ಪುತ್ತೆ, ಎದುರಿಗೆ ಸಿಕ್ಕವನ ಕಾಲೂ ಮುರಿಯುತ್ತೆ. ಕಂಪನಿ ಕೊಟ್ಟ ಮೂಲ ರೂಪ ಬದಲಿಸಬಾರದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಅಪಘಾತವಾದರೆ ವಿಮೆಯವರು ಮೊದಲು ಹಿಡಿಯೋದೇ ಇದನ್ನು. ಅದೇ ಅಳತೆಯಲ್ಲಿ ಮಣ್ಣಿಗೂ ಟಾರಿಗೂ ಆಗುವ ಆಲ್ ಟೆರೇನ್ ಟೈರು ಹಾಕಿಸಿ, ಸಾಕು. ದಪ್ಪ ಹಲ್ಲಿನ ಮಡ್ ಟೈರು ಹೈವೇಯಲ್ಲಿ 250 ಕಿಲೋಮೀಟರ್ ಗುಂಯ್‌ಗುಟ್ಟುತ್ತೆ, ಒದ್ದೆ ಟಾರಿನಲ್ಲಿ ಬ್ರೇಕೂ ಸರಿಯಾಗಿ ಹಿಡಿಯಲ್ಲ.

ಇಷ್ಟೆಲ್ಲ ಓದಿದ ಮೇಲೂ ಕಣ್ಣಮುಂದೆ ಆ ಕೆಂಪು ಗಾಡಿಯೇ ಬಂದರೆ ತಗೊಳ್ಳಿ. ದುಡಿದ ದುಡ್ಡು ನಿಮ್ಮದು, ನಾಲ್ಕು ವರ್ಷದ ಆಸೆ ಸಣ್ಣದಲ್ಲ. ಮನೆಯಲ್ಲಿ ಮಾತ್ರ ‘ತೋಟಕ್ಕೆ ಬೇಕು’ ಅನ್ನಬೇಡಿ. ‘ನನಗೆ ಇಷ್ಟ’ ಅನ್ನಿ. ಹಾಗಂದರೆ ನಿಮ್ಮ ಮನೆಯವರೂ ಅಷ್ಟು ಸಿಟ್ಟು ಮಾಡಲಿಕ್ಕಿಲ್ಲ. ಆದರೆ ದಾರಿಯ ಕಾಂಕ್ರೀಟ್ ಮೊದಲು, ಬುಕಿಂಗ್ ಆಮೇಲೆ.

ಟೆಸ್ಟ್ ಡ್ರೈವಿಗೆ ಬೆಂಗಳೂರಿನ ಶೋರೂಮಿಗೆ ಹೋಗಬೇಡಿ. ಮುಂದಿನ ಸಲ ಊರಿಗೆ ಹೋದಾಗ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ನೋಡಿ. ಅಪ್ಪ, ಅಮ್ಮ ಇಬ್ಬರನ್ನೂ ಕರೆದುಕೊಂಡು ಹೋಗಿ. ನೀವು ಸ್ಟೇರಿಂಗ್ ಹಿಡಿಯುವ ಮೊದಲು ಅವರನ್ನು ಹಿಂದಿನ ಸೀಟಿಗೆ ಹತ್ತಿಸಿ, ಇಳಿಸಿ. ಇಳಿದ ಮೇಲೆ ಅಪ್ಪ ಏನಂದರು ಅಂತ ನನಗೂ ನಾಲ್ಕು ಸಾಲು ಬರೆಯಿರಿ.

– ಸಂ.