ಓದುಗರ ಪ್ರಶ್ನೆ, ನಮ್ಮ ಉತ್ತರ: ಎಲಿಜಬೆತ್ ಅಸೆವೆಡೊ ಅವರ ಪದ್ಯಕಾದಂಬರಿಗಳು

ಪ್ರಶ್ನೆ: ಕಾಲೇಜಿನ ಗ್ರಂಥಾಲಯದಲ್ಲಿ ಎಲಿಜಬೆತ್ ಅಸೆವೆಡೊ ಅವರ ‘ದ ಪೊಯೆಟ್ ಎಕ್ಸ್’ ಸಿಕ್ಕಿತು. ಕಾದಂಬರಿ ಎಂದುಕೊಂಡು ತೆರೆದರೆ ಪುಟಪುಟವೂ ಪದ್ಯ. ಇವರನ್ನು ‘ಆಫ್ರೋ-ಲ್ಯಾಟಿನಾ’ ಲೇಖಕಿ ಎಂದು ಪರಿಚಯಿಸುತ್ತಾರೆ. ಇವರ ಹಿನ್ನೆಲೆ ಏನು? ಕಥೆ ಹೇಳಲು ಪದ್ಯವನ್ನೇ ಏಕೆ ಹಿಡಿದರು?
— ಓದುಗರು, ಧಾರವಾಡ

ಉತ್ತರ: ಅಸೆವೆಡೊ 1988ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಹುಟ್ಟಿದರು. ತಂದೆತಾಯಿ ಡೊಮಿನಿಕನ್ ಗಣರಾಜ್ಯದಿಂದ ವಲಸೆ ಬಂದವರು. ಕೆರಿಬಿಯನ್ ಸಮುದ್ರದ ಹಿಸ್ಪಾನಿಯೋಲ ದ್ವೀಪದ ಪೂರ್ವಭಾಗದಲ್ಲಿರುವ ಈ ದೇಶಕ್ಕೆ ಸ್ಪೇನಿನವರು ಆಫ್ರಿಕದಿಂದ ಗುಲಾಮರನ್ನು ತಂದು ಕಬ್ಬಿನ ತೋಟಗಳಲ್ಲಿ ದುಡಿಸಿದರು. ಇಂದಿನ ಜನರಲ್ಲಿ ಬಹುಪಾಲು ಮಂದಿ ಸ್ಪೇನ್ ಮತ್ತು ಆಫ್ರಿಕ ಮೂಲಗಳು ಬೆರೆತ ಸಂತತಿಯವರೇ. ಹೀಗೆ ಆಫ್ರಿಕದ ಬೇರುಳ್ಳ ಲ್ಯಾಟಿನ್ ಅಮೆರಿಕ ಮೂಲದ ಹೆಣ್ಣನ್ನು ‘ಆಫ್ರೋ-ಲ್ಯಾಟಿನಾ’ ಎನ್ನುತ್ತಾರೆ. ಆದರೂ ತಮ್ಮನ್ನು ಕಪ್ಪುಜನರೆಂದು ಹೇಳಿಕೊಳ್ಳಲು ಅಲ್ಲಿ ಬಹುಕಾಲದ ಹಿಂಜರಿಕೆಯಿದೆ. ಗುಂಗುರು ಕೂದಲನ್ನು ‘ಕೆಟ್ಟ ಕೂದಲು’ ಎಂದು ಕರೆದು, ಹೆಣ್ಣುಮಕ್ಕಳ ತಲೆಗೂದಲನ್ನು ನೇರ ಮಾಡಿಸುವುದು ಇದರದೇ ಒಂದು ಮುಖ. ಈ ರೂಢಿಯನ್ನು ಎದುರಿಸಿ ಬರೆದ ಕೂದಲಿನ ಕವಿತೆ ಅಸೆವೆಡೊ ಅವರ ಹೆಸರಾದ ವೇದಿಕೆ ಕವಿತೆಗಳಲ್ಲೊಂದು. 2022ರಲ್ಲಿ ಅದು ‘ಇನ್‌ಹೆರಿಟೆನ್ಸ್’ ಎಂಬ ಸಚಿತ್ರ ಪುಸ್ತಕವಾಗಿಯೂ ಬಂದಿತು.

ಪದ್ಯವೇಕೆ ಎಂಬುದಕ್ಕೆ ಉತ್ತರ ವೇದಿಕೆಯಲ್ಲಿದೆ. ಅವರು ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪ್ರದರ್ಶನ ಕಲೆಗಳಲ್ಲಿ ಪದವಿ ಪಡೆದವರು. 2014ರಲ್ಲಿ ಅಮೆರಿಕದ ರಾಷ್ಟ್ರಮಟ್ಟದ ‘ಪೊಯೆಟ್ರಿ ಸ್ಲ್ಯಾಮ್’ನಲ್ಲಿ ಗೆದ್ದ ತಂಡದಲ್ಲಿದ್ದವರು. ಸ್ಲ್ಯಾಮ್ ಎಂದರೆ ಕವಿತಾ ಪಂದ್ಯ. ಕವಿ ಸ್ವಂತ ರಚನೆಯನ್ನು ಸುಮಾರು ಮೂರು ನಿಮಿಷಗಳೊಳಗೆ, ವಾದ್ಯವಿಲ್ಲದೆ, ವೇಷವಿಲ್ಲದೆ ಹೇಳಬೇಕು. ಸಭಿಕರ ನಡುವಿನಿಂದಲೇ ಆರಿಸಿದ ತೀರ್ಪುಗಾರರು ಅಂಕ ಕೊಡುತ್ತಾರೆ. ಕೇಳುಗನನ್ನು ಮೊದಲ ಸಾಲಿನಲ್ಲೇ ಹಿಡಿಯದಿದ್ದರೆ ಸೋಲು ಖಚಿತವಾದ ಈ ಕಣದಲ್ಲಿ ಪಳಗಿದ್ದರಿಂದಲೇ ಅವರ ಕಾದಂಬರಿಯ ಪ್ರತಿ ಪದ್ಯವೂ ಬಿಡಿಯಾಗಿ ನಿಲ್ಲಬಲ್ಲದು, ಸಾಲುಗಳು ಉಸಿರು ನಿಲ್ಲುವಲ್ಲಿ ಮುರಿಯುತ್ತವೆ. ಗಮಕ ವಾಚನ ಕೇಳಿ ಬಲ್ಲ ನಮಗೆ ಪದ್ಯದಲ್ಲಿ ಕಥೆ ಕೇಳುವುದು ಹೊಸತೇನಲ್ಲ. ಇಲ್ಲಿ ಛಂದಸ್ಸಿಲ್ಲ, ಅಷ್ಟೇ ವ್ಯತ್ಯಾಸ.

ಇನ್ನೊಂದು ಕಾರಣ ತರಗತಿಯದು. ಪದವಿಯ ನಂತರ ಅವರು ಮೇರಿಲ್ಯಾಂಡ್ ರಾಜ್ಯದ ಸರಕಾರಿ ಶಾಲೆಯೊಂದರಲ್ಲಿ ಎಂಟನೇ ತರಗತಿಗೆ ಇಂಗ್ಲಿಷ್ ಕಲಿಸುತ್ತಿದ್ದರು. ಅಲ್ಲಿನ ಮಕ್ಕಳಲ್ಲಿ ಲ್ಯಾಟಿನೊ ಕುಟುಂಬಗಳವರೇ ಹೆಚ್ಚು. ಏನು ಕೊಟ್ಟರೂ ಓದಲೊಲ್ಲದ ವಿದ್ಯಾರ್ಥಿನಿಯೊಬ್ಬಳು, ಈ ಪುಸ್ತಕಗಳಲ್ಲಿ ತನ್ನಂಥವರು ಯಾರೂ ಇಲ್ಲವೆಂದಳಂತೆ. ಟೀಚರ್ ಹುಡುಕಿ ತಂದ ಕೆಲವೇ ಪುಸ್ತಕಗಳನ್ನು ಅವಳು ಬೇಗನೆ ಮುಗಿಸಿ ಮುಂದಿನದನ್ನು ಕೇಳಿದಾಗ, ತಾನೇ ಬರೆಯಬೇಕೆಂಬ ಯೋಚನೆ ಹುಟ್ಟಿತೆಂದು ಅಸೆವೆಡೊ ಹೇಳಿಕೊಂಡಿದ್ದಾರೆ. ‘ದ ಪೊಯೆಟ್ ಎಕ್ಸ್’ ಅರ್ಪಣೆಯಾಗಿರುವುದು ಅವರ ಹಳೆಯ ವಿದ್ಯಾರ್ಥಿಗಳಿಗೆ.

2018ರಲ್ಲಿ ಬಂದ ಈ ಕಾದಂಬರಿಯ ನಾಯಕಿ ನ್ಯೂಯಾರ್ಕಿನ ಹಾರ್ಲೆಮ್‌ನ ಹದಿನೈದರ ಹುಡುಗಿ ಸಿಯೊಮಾರ. ತಾಯಿ ಕಟ್ಟಾ ಕ್ಯಾಥೊಲಿಕ್. ಮಗಳು ಅವಳಿ ಅಣ್ಣ ಕೊಟ್ಟ ನೋಟುಬುಕ್ಕಿನಲ್ಲಿ ಗುಟ್ಟಾಗಿ ಕವಿತೆ ಬರೆಯುತ್ತಾಳೆ. ಶಾಲೆಯಲ್ಲಿ ಪ್ರಬಂಧ ಬರೆಯಲು ಹೇಳಿದಾಗಲೆಲ್ಲ ಅಸೆವೆಡೊ ಆ ಬರಹದ ಎರಡು ರೂಪಗಳನ್ನು ಮುಂದಿಡುತ್ತಾರೆ: ಅವಳು ನಿಜವಾಗಿ ಬರೆದುಕೊಂಡ ಕರಡು ಪದ್ಯದಲ್ಲಿರುತ್ತದೆ, ಟೀಚರಿಗೆ ಒಪ್ಪಿಸಿದ್ದು ನಯವಾದ, ಸಪ್ಪೆಯಾದ ಗದ್ಯದಲ್ಲಿರುತ್ತದೆ. ಹುಡುಗಿ ಏನನ್ನು ನುಂಗಿಕೊಂಡಳು ಎಂಬುದು ಎರಡರ ನಡುವಿನ ಅಂತರದಲ್ಲೇ ತಿಳಿಯುತ್ತದೆ. ಲೇಖಕಿ ಬೇರೆ ವಿವರಣೆ ಕೊಡುವುದಿಲ್ಲ. ಪದ್ಯ ಈ ಕೃತಿಗೆ ಅಲಂಕಾರವಲ್ಲ, ಕಥೆಯ ಯಂತ್ರವೇ ಅದು ಎಂದು ನನಗೆ ಮನದಟ್ಟಾದದ್ದು ಈ ಪುಟಗಳಲ್ಲಿ. ಕೃತಿಗೆ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್‌ನ ಕಿರಿಯರ ವಿಭಾಗದ ಪ್ರಶಸ್ತಿಯೂ ಹದಿಹರೆಯದವರ ಸಾಹಿತ್ಯಕ್ಕೆ ಕೊಡುವ ಪ್ರಿಂಟ್ಜ್ ಪ್ರಶಸ್ತಿಯೂ ಬಂದವು. ಮಕ್ಕಳ ಮತ್ತು ಕಿರಿಯರ ಪುಸ್ತಕಗಳಿಗೆ ಕೊಡುವ ಬ್ರಿಟನ್ನಿನ ಕಾರ್ನೆಗಿ ಪದಕ 1936ರಿಂದ ನಡೆದುಬಂದಿದ್ದರೂ ಅದನ್ನು ಪಡೆದ ಮೊದಲ ಬಿಳಿಯರಲ್ಲದ ಲೇಖಕಿ 2019ರ ಅಸೆವೆಡೊ.

ಪ್ರಶ್ನೆ: ಇದರ ನಂತರ ಇವರ ಯಾವ ಕೃತಿ ಓದಬಹುದು?
— ಓದುಗರು, ಮೈಸೂರು

ಉತ್ತರ: 2020ರ ‘ಕ್ಲ್ಯಾಪ್ ವೆನ್ ಯು ಲ್ಯಾಂಡ್’ ಓದಿರಿ. 2001ರ ನವೆಂಬರ್ 12ರಂದು ನ್ಯೂಯಾರ್ಕಿನಿಂದ ಡೊಮಿನಿಕನ್ ರಾಜಧಾನಿ ಸಾಂತೊ ದೊಮಿಂಗೊಗೆ ಹೊರಟ ಅಮೆರಿಕನ್ ಏರ್‌ಲೈನ್ಸ್ 587 ವಿಮಾನ ಮೇಲೇರಿದ ಸ್ವಲ್ಪ ಹೊತ್ತಿನಲ್ಲೇ ಅದೇ ನಗರದ ಕ್ವೀನ್ಸ್ ಭಾಗದ ಮನೆಗಳ ಮೇಲೆ ಬಿದ್ದು, ವಿಮಾನದಲ್ಲಿದ್ದ 260 ಮಂದಿಯೂ ನೆಲದ ಮೇಲಿದ್ದ ಐವರೂ ಸತ್ತರು. ಪ್ರಯಾಣಿಕರಲ್ಲಿ ಹೆಚ್ಚಿನವರು ಡೊಮಿನಿಕನ್ ಮೂಲದವರು. ಅವಳಿ ಗೋಪುರಗಳ ಮೇಲಿನ ದಾಳಿ ನಡೆದು ಆಗ ಎರಡೇ ತಿಂಗಳು. ಇದು ಭಯೋತ್ಪಾದಕರ ಕೃತ್ಯವಲ್ಲವೆಂದು ಗೊತ್ತಾದೊಡನೆ ದೇಶದ ಸುದ್ದಿಯಿಂದ ಈ ದುರಂತ ಮರೆಯಾಯಿತು, ಆದರೆ ಡೊಮಿನಿಕನ್ ಮನೆಗಳಿಂದ ಮರೆಯಾಗಲಿಲ್ಲ. ಅಂಥದೇ ಅಪಘಾತದಲ್ಲಿ ಸತ್ತ ತಂದೆಗೆ ಎರಡು ಸಂಸಾರಗಳಿದ್ದವೆಂದು ಕಾದಂಬರಿ ಕಲ್ಪಿಸುತ್ತದೆ. ಡೊಮಿನಿಕನ್ ಕರಾವಳಿಯ ಕಮೀನೊ ಮತ್ತು ನ್ಯೂಯಾರ್ಕಿನ ಯಹೈರಾ ಸರದಿಯಂತೆ ಮಾತಾಡುತ್ತಾರೆ. ತಮಗೊಬ್ಬ ಸೋದರಿ ಇದ್ದಾಳೆಂಬುದು ಅವರಿಗೆ ಗೊತ್ತಾಗುವುದು ಆ ಸಾವಿನ ಬಳಿಕ. ತಂದೆಯನ್ನು ಪ್ರೀತಿಸುತ್ತಲೇ ಅವನ ಸುಳ್ಳನ್ನು ಕ್ಷಮಿಸದಿರುವ ಮನಸ್ಥಿತಿಯನ್ನು ಬಿಡಿಸುವಲ್ಲಿ ಇದು ಮೊದಲ ಕಾದಂಬರಿಗಿಂತ ಪಕ್ವವಾದ ಕೃತಿ ಎಂಬುದು ನನ್ನ ಅಭಿಪ್ರಾಯ.

ಫಿಲಡೆಲ್ಫಿಯದ ಶಾಲಾ ವಿದ್ಯಾರ್ಥಿನಿಯೂ ಎಳೆಯ ತಾಯಿಯೂ ಆದ ಎಮೋನಿಯ ಅಡುಗೆಯ ಕನಸನ್ನು ಹೇಳುವ ‘ವಿತ್ ದ ಫೈರ್ ಆನ್ ಹೈ’ (2019) ಗದ್ಯದಲ್ಲಿದೆ, ಸರಾಗವಾಗಿ ಸಾಗುತ್ತದೆ. ದೊಡ್ಡವರಿಗಾಗಿ ಬರೆದ ಮೊದಲ ಕಾದಂಬರಿ ‘ಫ್ಯಾಮಿಲಿ ಲೋರ್’ 2023ರದು: ಜನರ ಸಾವಿನ ದಿನವನ್ನು ಮೊದಲೇ ಅರಿಯಬಲ್ಲ ಫ್ಲೋರ್ ಎಂಬಾಕೆ, ತಾನು ಬದುಕಿರುವಾಗಲೇ ತನ್ನ ತಿಥಿಯಂಥ ಕೂಟವೊಂದಕ್ಕೆ ಬಂಧುಗಳನ್ನೆಲ್ಲ ಕರೆಯುತ್ತಾಳೆ. ಕಲ್ಪನೆ ಸೊಗಸಾಗಿದೆ, ಆದರೆ ಅಕ್ಕತಂಗಿಯರು, ಅವರ ಹೆಣ್ಣುಮಕ್ಕಳು, ಎಲ್ಲರ ಹಳೆಯ ಕಥೆಗಳು ಸೇರಿ ಪುಸ್ತಕ ಇಕ್ಕಟ್ಟಾಗಿದೆ. ಅದನ್ನು ಕೊನೆಗೆ ಇಟ್ಟುಕೊಳ್ಳಿರಿ.

ಪ್ರಶ್ನೆ: ಮಗಳು ಹತ್ತನೇ ತರಗತಿಯಲ್ಲಿದ್ದಾಳೆ. ‘ದ ಪೊಯೆಟ್ ಎಕ್ಸ್’ ಧರ್ಮವಿರೋಧಿ ಎಂದು ಕೇಳಿದ್ದೇನೆ. ಓದಲು ಕೊಡಬಹುದೇ?
— ಓದುಗರು, ಶಿವಮೊಗ್ಗ

ಉತ್ತರ: ನೀವು ಕೇಳಿದ ಮಾತಿಗೆ ಹಿನ್ನೆಲೆಯಿದೆ. ಉತ್ತರ ಕ್ಯಾರೊಲೈನ ರಾಜ್ಯದ ಶಾಲೆಯೊಂದರಲ್ಲಿ ಇದನ್ನು ಪಾಠಕ್ಕಿಟ್ಟಾಗ ಪಾಲಕರು ಕೃತಿ ಕ್ರೈಸ್ತ ವಿರೋಧಿಯೆಂದು ನ್ಯಾಯಾಲಯಕ್ಕೆ ಹೋದರು. ನ್ಯಾಯಾಲಯ ತಡೆ ನೀಡಲಿಲ್ಲ. ಕಥೆಯಲ್ಲಿ ಹುಡುಗಿ ದೇವರನ್ನೂ ಪಾದ್ರಿಯನ್ನೂ ಪ್ರಶ್ನಿಸುತ್ತಾಳೆ, ಹುಡುಗನೊಬ್ಬನನ್ನು ಇಷ್ಟಪಡುತ್ತಾಳೆ, ದೇಹದ ಬಗ್ಗೆ ಮುಚ್ಚುಮರೆಯಿಲ್ಲದೆ ಬರೆಯುತ್ತಾಳೆ. ತಾಯಿ ಶಿಕ್ಷೆಯಾಗಿ ಅವಳನ್ನು ಅಕ್ಕಿಕಾಳುಗಳ ಮೇಲೆ ಮಂಡಿಯೂರಿಸುವ ಪದ್ಯವೂ, ನೋಟುಬುಕ್ಕಿಗೆ ಬೆಂಕಿಯಿಡುವ ಸನ್ನಿವೇಶವೂ ಕಠೋರವಾಗಿವೆ. ಆದರೆ ಆ ತಾಯಿಯನ್ನು ಅಸೆವೆಡೊ ಖಳಳನ್ನಾಗಿಸಿಲ್ಲ: ಸನ್ಯಾಸಿನಿಯಾಗಬೇಕೆಂದಿದ್ದವಳು ಮದುವೆಯಾಗಿ ಪರದೇಶ ಸೇರಿ ಸೋತ ಕಥೆಯನ್ನು ಮಗಳ ಬಾಯಿಂದಲೇ ಹೇಳಿಸಿದ್ದಾರೆ, ತಾಯಿಮಗಳು ಮತ್ತೆ ಮಾತಾಡುವಂತೆ ನೆರವಾಗುವವನೂ ಆ ಪಾದ್ರಿಯೇ. ಹದಿನಾಲ್ಕು ದಾಟಿದವರಿಗೆ ಧಾರಾಳವಾಗಿ ಕೊಡಬಹುದು. ಇಂಗ್ಲಿಷಿನ ನಡುವೆ ಬರುವ ಸ್ಪ್ಯಾನಿಷ್ ಮಾತುಗಳು ತೊಡಕೆನಿಸಿದರೆ, ಲೇಖಕಿಯೇ ಓದಿರುವ ಧ್ವನಿಪುಸ್ತಕವನ್ನು ಜೊತೆಗಿಟ್ಟುಕೊಂಡು ಪುಟ ತಿರುವಲು ಹೇಳಿರಿ.