ಓದುಗರ ಪ್ರಶ್ನೆ: ‘ಯಾರಿಗೂ ಹೇಳಬೇಡಿ ಮೇಡಂ’ ಎಂದಾಗ

ವಿಶ್ವವಿದ್ಯಾಲಯಗಳಲ್ಲಿ ಲೈಂಗಿಕ ಕಿರುಕುಳದ ದೂರನ್ನು ಗುಟ್ಟಾಗಿ ನಿಭಾಯಿಸುವ ಬಗ್ಗೆ ಬಂದ ಪತ್ರಗಳಿಗೆ ಈ ಸಲ ಉತ್ತರಿಸಿದ್ದೇವೆ. ಪತ್ರ ಬರೆದವರ ಹೆಸರು, ಊರುಗಳನ್ನು ಬೇಕೆಂದೇ ಕೈಬಿಟ್ಟಿದ್ದೇವೆ.

ಪ್ರಶ್ನೆ: ನಾನು ಸ್ನಾತಕೋತ್ತರ ವಿಭಾಗದ ಅಧ್ಯಾಪಕಿ. ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ‘ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ ಮೇಡಂ’ ಎಂದು ಕೇಳಿ, ಗೈಡ್ ರಾತ್ರಿ ಹೊತ್ತು ಕಳಿಸುವ ಮೆಸೇಜುಗಳ ವಿಷಯ ಹೇಳಿದಳು. ಮಾತು ಕೊಟ್ಟುಬಿಟ್ಟೆ. ಈಗ ಸುಮ್ಮನಿರಲೂ ಆಗುತ್ತಿಲ್ಲ, ಬಾಯಿ ಬಿಡಲೂ ಆಗುತ್ತಿಲ್ಲ.

ಉತ್ತರ: ಮಾತು ಮುರಿಯಬೇಡಿ. ಆದರೆ ಅದಕ್ಕೆ ಎಲ್ಲೆ ಇದೆ ಎಂಬುದನ್ನು ಇವತ್ತೇ ಆಕೆಗೆ ತಿಳಿಸಿ. ಮುಂದೆ ಯಾರಾದರೂ ಹೀಗೆ ಬಂದರೆ, ವಿಷಯ ಶುರುವಾಗುವ ಮೊದಲೇ ಹೇಳಬೇಕಾದ ಮಾತು ಇದು: ‘ನಿನ್ನನ್ನು ಕೇಳದೆ ಯಾರಿಗೂ ಹೇಳುವುದಿಲ್ಲ. ನಿನಗೆ 18 ತುಂಬಿಲ್ಲದಿದ್ದರೆ, ಇಲ್ಲವೇ ಯಾರದಾದರೂ ಜೀವಕ್ಕೆ ಅಪಾಯವಿದ್ದರೆ ಮಾತ್ರ ಹೇಳಲೇಬೇಕಾಗುತ್ತದೆ. ಆಗಲೂ ಮೊದಲು ನಿನಗೆ ತಿಳಿಸುತ್ತೇನೆ.’

18ರ ವಿಷಯ ಔಪಚಾರಿಕವಲ್ಲ. ಪದವಿಯ ಮೊದಲ ವರ್ಷದಲ್ಲಿ 17ರ ಮಕ್ಕಳು ಇರುತ್ತಾರೆ. ಅಂಥವರ ಮೇಲೆ ಲೈಂಗಿಕ ಅಪರಾಧ ನಡೆದದ್ದು ಗೊತ್ತಾದರೆ, 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸುವುದು ಯಾರಿಗೇ ಆದರೂ ಕಡ್ಡಾಯ. ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ‘ವಿಶ್ವವಿದ್ಯಾಲಯದ ಆಂತರಿಕ ದೂರು ಸಮಿತಿಗೆ ಹೇಳಿದ್ದೆ’ ಎಂದರೆ ಆ ಕರ್ತವ್ಯ ತೀರುವುದಿಲ್ಲ.

ನಿಮ್ಮ ವಿದ್ಯಾರ್ಥಿನಿ ವಯಸ್ಕಳು. ಹಾಗಾಗಿ ದೂರು ಕೊಡಬೇಕೋ ಬೇಡವೋ ಎಂಬುದು ಆಕೆಯ ತೀರ್ಮಾನ. ಆಕೆಯನ್ನು ಕೇಳಬೇಕಾದ್ದು ಮೂರೇ ಮಾತು: ಇವತ್ತು ರಾತ್ರಿ ಸುರಕ್ಷಿತವಾಗಿದ್ದೀಯಾ, ಈ ವಾರ ಆ ವ್ಯಕ್ತಿಯ ಎದುರು ಹೋಗಲೇಬೇಕಾದ ಸಂದರ್ಭ ಇದೆಯೇ, ನನ್ನಿಂದ ಏನಾಗಬೇಕು. ‘ಆಗಲೇ ಯಾಕೆ ಹೇಳಲಿಲ್ಲ’, ‘ನೀನೇನಾದರೂ ಉತ್ತರ ಕಳಿಸಿದ್ದೆಯಾ’ ಎಂದು ಕೆದಕಬೇಡಿ. ವಿಚಾರಣೆ ನಿಮ್ಮ ಕೆಲಸವಲ್ಲ. ಅದೂ ಅಲ್ಲದೆ ಒಬ್ಬೊಬ್ಬರ ಮುಂದೆ ಒಂದೊಂದು ಥರ ಹೇಳಿಸಿದರೆ, ನಾಳೆ ಆ ಸಣ್ಣಪುಟ್ಟ ವ್ಯತ್ಯಾಸಗಳನ್ನೇ ಹಿಡಿದು ಆಕೆ ಸುಳ್ಳುಗಾತಿ ಎನ್ನುತ್ತಾರೆ.

ಆಕೆ ಹೋದ ಮೇಲೆ, ಅದೇ ದಿನ, ಒಂದು ಹಾಳೆಯಲ್ಲಿ ಬರೆದಿಡಿ: ದಿನಾಂಕ, ಸಮಯ, ಆಕೆ ಆಡಿದ್ದು ಆಕೆಯ ಮಾತಿನಲ್ಲೇ. ‘ತುಂಬ ನೊಂದಿದ್ದಳು’ ಎಂದು ಬರೆಯುವುದಕ್ಕಿಂತ ‘ಮಾತಾಡುವಾಗ ಎರಡು ಸಲ ನಿಲ್ಲಿಸಿದಳು, ಕೈ ನಡುಗುತ್ತಿತ್ತು’ ಎಂದು ಕಂಡದ್ದನ್ನು ಬರೆಯುವುದು ಮೇಲು. ಸಹಿ ಹಾಕಿ, ಲಕೋಟೆಗೆ ಅಂಟು ಹಚ್ಚಿ ಮನೆಯಲ್ಲಿಡಿ. ವಿಭಾಗದ ಕಂಪ್ಯೂಟರಿನಲ್ಲಿ ಬೇಡ, ಸಂಸ್ಥೆಯ ಇ-ಮೇಲಿನಲ್ಲಂತೂ ಬೇಡವೇ ಬೇಡ. ಮುಂದೆ ಸಮಿತಿ ನಿಮ್ಮನ್ನು ಸಾಕ್ಷಿಯಾಗಿ ಕರೆದರೆ ಈ ಹಾಳೆಗೆ ತೂಕವಿರುತ್ತದೆ.

ಒಳ್ಳೆಯ ಮನಸ್ಸಿನವರೇ ಹೆಚ್ಚಾಗಿ ಮಾಡುವ ತಪ್ಪು ಒಂದಿದೆ: ಆ ಗೈಡನ್ನು ಪಕ್ಕಕ್ಕೆ ಕರೆದು ‘ಸ್ವಲ್ಪ ನೋಡಿಕೊಳ್ಳಿ ಸರ್’ ಎನ್ನುವುದು. ಹೇಳಿದ್ದು ಯಾರೆಂದು ಅವರಿಗೆ ಆ ಕ್ಷಣವೇ ಹೊಳೆಯುತ್ತದೆ. ಮೆಸೇಜು ಅಳಿಸಿಹೋಗುತ್ತದೆ, ವಿದ್ಯಾರ್ಥಿನಿಯ ಪ್ರಗತಿ ವರದಿಗೆ ಸಹಿ ಬೀಳುವುದು ನಿಲ್ಲುತ್ತದೆ. ವಿಭಾಗದ ಮುಖ್ಯಸ್ಥರ ಕಿವಿಗೆ ಹಾಕುವುದೂ ಬಹುಪಾಲು ಇದೇ ಪರಿಣಾಮ ತರುತ್ತದೆ.

ಜೀವಕ್ಕೆ ಅಪಾಯದ ಸೂಚನೆ ಕಂಡರೆ ಆಕೆಯನ್ನು ಒಂಟಿಯಾಗಿ ಬಿಡಬೇಡಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಅಲ್ಲೇ ಕುಳಿತು ಕರೆ ಮಾಡಿಸಿ.

ಪ್ರಶ್ನೆ: ಘಟನೆ ನಡೆದು 4 ತಿಂಗಳಾಯಿತು. ಈಗ ದೂರು ಕೊಡಬಹುದೇ? ಏನೇನು ಬರೆಯಬೇಕು?

ಉತ್ತರ: ಕೊಡಬಹುದು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯೂ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2015ರ ನಿಯಮಾವಳಿಯೂ ಹೇಳುವ ಗಡುವು 3 ತಿಂಗಳು. ಕಿರುಕುಳ ಮತ್ತೆ ಮತ್ತೆ ನಡೆದಿದ್ದರೆ ಕೊನೆಯ ಘಟನೆಯಿಂದ ಎಣಿಸಬೇಕು. ಕಾರಣ ದಾಖಲಿಸಿ ಸಮಿತಿ ಇನ್ನೂ 3 ತಿಂಗಳು ವಿಸ್ತರಿಸಬಹುದು. ಆದ್ದರಿಂದ ದೂರಿನಲ್ಲೇ ಒಂದು ಪ್ಯಾರಾ ತಡವಾದುದರ ಕಾರಣಕ್ಕೆ ಮೀಸಲಿಡಿ: ಮೌಲ್ಯಮಾಪನ ಅವರ ಕೈಯಲ್ಲಿತ್ತು, ಕಾಯಿಲೆ ಬಿದ್ದಿದ್ದೆ, ಏನಿದ್ದರೂ ಸರಿ. ಸಮಿತಿ ಕೇಳಲಿ ಎಂದು ಕಾಯಬೇಡಿ.

ಉಳಿದದ್ದನ್ನು ದಿನಾಂಕದ ಸಾಲಿನಲ್ಲಿ ಬರೆಯಿರಿ. ದಿನ ನೆನಪಿಲ್ಲದಿದ್ದರೆ ‘ಮಿಡ್‌ಟರ್ಮ್ ಪರೀಕ್ಷೆಯ ಹಿಂದಿನ ವಾರ’ ಎಂದರೂ ನಡೆಯುತ್ತದೆ. ಊಹಿಸಿ ಬರೆದ ತಪ್ಪು ದಿನಾಂಕ ಮಾತ್ರ ಮುಳ್ಳಾಗುತ್ತದೆ. ಎಲ್ಲಿ, ಏನು ಹೇಳಿದರು, ಏನು ಮಾಡಿದರು, ಯಾರಿದ್ದರು, ಆಮೇಲೆ ನೀವು ಮೊದಲು ಯಾರಿಗೆ ಹೇಳಿದಿರಿ, ಈಗ ನಿಮಗೆ ಏನು ಪರಿಹಾರ ಬೇಕು. ನಿಯಮದ ಪ್ರಕಾರ ದೂರಿನ 6 ಪ್ರತಿ, ಜೊತೆಗೆ ದಾಖಲೆಗಳು, ಸಾಕ್ಷಿಗಳ ಹೆಸರು, ವಿಳಾಸ. ಬರೆಯಲು ಕಷ್ಟವಾದರೆ ಬರವಣಿಗೆಗೆ ನೆರವಾಗುವುದು ಸಮಿತಿಯ ಕರ್ತವ್ಯ.

ಸ್ಕ್ರೀನ್‌ಶಾಟನ್ನು ಕತ್ತರಿಸಬೇಡಿ, ನಂಬರು, ದಿನಾಂಕ, ಹಿಂದಿನ ಮುಂದಿನ ನಾಲ್ಕು ಮೆಸೇಜು ಎಲ್ಲ ಕಾಣಬೇಕು. ಮೂಲ ಚಾಟ್ ಫೋನಿನಲ್ಲೇ ಇರಲಿ, ಒಂದು ಪ್ರತಿಯನ್ನು ಎಕ್ಸ್‌ಪೋರ್ಟ್ ಮಾಡಿ ಬೇರೆ ಕಡೆ ಇಡಿ. ತಾನಾಗಿ ಮಾಯವಾಗುವ ಮೆಸೇಜಾದರೆ ಇನ್ನೊಂದು ಫೋನಿನಿಂದ ಪರದೆಯ ಫೋಟೊ ತೆಗೆಯಿರಿ. ಇದನ್ನು ಗೆಳತಿಯರ ಗುಂಪಿಗೆ ಮಾತ್ರ ಕಳಿಸಬೇಡಿ. ಸಂಜೆಯೊಳಗೆ ಅದು ಹಾಸ್ಟೆಲ್ ಸುತ್ತಿರುತ್ತದೆ.

ಪ್ರಶ್ನೆ: ಹೆಸರು ಹಾಕದೆ ದೂರು ಕೊಡಬಹುದೇ?

ಉತ್ತರ: ಸಮಿತಿಗೆ ಎಚ್ಚರಿಕೆ ಕೊಟ್ಟಂತಾಗುತ್ತದೆ, ವಿಚಾರಣೆ ನಡೆಸಲು ಸಾಲದು. ದೂರಿನ ಪ್ರತಿ 7 ದಿನದೊಳಗೆ ಆರೋಪ ಹೊತ್ತವರ ಕೈಗೆ ಹೋಗಬೇಕು, ಅವರು 10 ದಿನದೊಳಗೆ ಉತ್ತರಿಸಬೇಕು. ಯಾರು, ಯಾವಾಗ, ಏನು ಎಂದು ತಿಳಿಯದೆ ಯಾರೂ ಉತ್ತರ ಕೊಡಲಾರರು. ಗೌಪ್ಯತೆ ಎಂದರೆ ಹೊರಗಿನವರಿಗೆ ತಿಳಿಯದಿರುವುದು. ಎದುರಿನವರಿಗೂ ತಿಳಿಯಬಾರದು ಎಂಬ ಭರವಸೆಯನ್ನು ಯಾರಾದರೂ ಕೊಟ್ಟಿದ್ದರೆ ಅದು ತಪ್ಪು.

ಪ್ರಶ್ನೆ: ನಾನು ಆಂತರಿಕ ದೂರು ಸಮಿತಿಯ ಹೊಸ ಸದಸ್ಯೆ. ನಾವು ಯಾರೂ ಬಾಯಿ ಬಿಟ್ಟಿಲ್ಲ, ಆದರೂ ಹಿಂದಿನ ಪ್ರಕರಣದ ಸುದ್ದಿ ಕ್ಯಾಂಪಸ್ಸಿಗೆಲ್ಲ ಗೊತ್ತಾಯಿತು. ಎಲ್ಲಿ ಸೋರುತ್ತದೆ?

ಉತ್ತರ: ಬಾಯಿಯಿಂದ ಸೋರುವುದಕ್ಕಿಂತ ಕಾಗದದಿಂದ ಸೋರುವುದೇ ಹೆಚ್ಚು. ಒಂದು ನೋಟಿಸಿನ ದಾರಿ ನೋಡಿ. ಗುಮಾಸ್ತರು ಟೈಪ್ ಮಾಡುತ್ತಾರೆ, ಫೈಲಿಗೆ ದೂರುದಾರಳ ಹೆಸರೇ ಇಡುತ್ತಾರೆ. ಪ್ರಿಂಟ್ ಬರುವುದು ಸಾಲುಗಟ್ಟಿ ನಿಂತವರ ಮುಂದಿನ ಹಂಚಿಕೆಯ ಪ್ರಿಂಟರಿನಲ್ಲಿ. ಟಪಾಲು ವಿಭಾಗದ ರಿಜಿಸ್ಟರಿನಲ್ಲಿ ‘ಲೈಂಗಿಕ ಕಿರುಕುಳ, ಡಾ. ಇಂಥವರು’ ಎಂದು ನಮೂದಾಗುತ್ತದೆ. ಲಕೋಟೆಯ ಮೇಲೆ ಸಮಿತಿಯ ಮುದ್ರೆ. ಅಟೆಂಡರ್ ಅದನ್ನು ಪಾಠ ನಡೆಯುತ್ತಿರುವ ಕೋಣೆಗೇ ಒಯ್ದು ಎಲ್ಲರೆದುರು ಸಹಿ ಪಡೆಯುತ್ತಾರೆ. ಇಷ್ಟಾದ ಮೇಲೆ ನೀವು ಬಾಯಿಗೆ ಬೀಗ ಹಾಕಿಕೊಂಡು ಏನು ಪ್ರಯೋಜನ?

ದೂರು ಬಂದ ದಿನವೇ ಅದಕ್ಕೊಂದು ಸಂಖ್ಯೆ ಕೊಡಿ. ಕಡತ, ಇ-ಮೇಲಿನ ವಿಷಯದ ಸಾಲು, ರಿಜಿಸ್ಟರು, ಸಭೆಯ ಕಾರ್ಯಸೂಚಿ ಎಲ್ಲ ಕಡೆ ಆ ಸಂಖ್ಯೆ ಮಾತ್ರ. ಯಾವ ಸಂಖ್ಯೆ ಯಾರದು ಎಂಬ ಪಟ್ಟಿ ಅಧ್ಯಕ್ಷೆಯ ಬೀರುವಿನಲ್ಲಿ, ಮೊಹರಾದ ಲಕೋಟೆಯಲ್ಲಿರಲಿ. ಸದಸ್ಯರ ಪ್ರತಿಗಳ ಪ್ರತಿ ಪುಟದಲ್ಲೂ ಆಯಾ ಸದಸ್ಯರ ಕ್ರಮಾಂಕ ಹಾಕಿ, ಸಭೆ ಮುಗಿದಾಗ ಎಣಿಸಿ ಹಿಂದಕ್ಕೆ ಪಡೆಯಿರಿ. ಡ್ರೈವಿನಲ್ಲಿ ಹಂಚುವುದಾದರೆ ‘ಲಿಂಕ್ ಇದ್ದ ಯಾರಾದರೂ’ ಎಂಬ ಆಯ್ಕೆ ಬಂದ್ ಆಗಿದೆಯೇ ಎಂದು ಕಣ್ಣಾರೆ ನೋಡಿ. ನೋಟಿಸನ್ನು ಮುದ್ರೆಯಿಲ್ಲದ ಸಾದಾ ಲಕೋಟೆಯಲ್ಲಿ, ಸದಸ್ಯರೊಬ್ಬರೇ ಕೊಡಲಿ. ಗೌಪ್ಯತೆಯ ಮುಚ್ಚಳಿಕೆಗೆ ಟೈಪ್ ಮಾಡುವವರೂ ಸಹಿ ಹಾಕಬೇಕು. ಅವರನ್ನು ಮರೆಯುವುದೇ ಹೆಚ್ಚು.

ವಿಚಾರಣೆಯ ದಿನ ಇಬ್ಬರಿಗೂ ಒಂದೇ ಹೊತ್ತು ಕೊಟ್ಟು ಒಂದೇ ಕಾರಿಡಾರಿನ ಬೆಂಚಿನ ಮೇಲೆ ಕೂರಿಸುವುದು ಅಮಾನವೀಯ. ಬೇರೆ ಕೋಣೆ, ಕನಿಷ್ಠ ಮುಕ್ಕಾಲು ಗಂಟೆ ಅಂತರ ಇರಲಿ. ತಪ್ಪಿದ ತರಗತಿಯ ಹಾಜರಾತಿಯನ್ನು ಕಾರಣ ನಮೂದಿಸದೆ ಕೊಡಿಸಿ.

ವಿದ್ಯಾರ್ಥಿಗಳಿಗೆ ಸಂಬಂಧಿಸಿದ ಪ್ರಕರಣದಲ್ಲಿ ಮೂವರು ವಿದ್ಯಾರ್ಥಿ ಪ್ರತಿನಿಧಿಗಳು ಸಮಿತಿಯಲ್ಲಿರಬೇಕು. ಅವರಲ್ಲಿ ಯಾರಾದರೂ ಅದೇ ಹಾಸ್ಟೆಲಿನವರೋ ಅದೇ ಗೈಡಿನ ಶಿಷ್ಯರೋ ಎಂದು ಮೊದಲೇ ಕೇಳಿ. ಕುಲಪತಿ, ಕುಲಸಚಿವರು, ಡೀನ್, ವಿಭಾಗದ ಮುಖ್ಯಸ್ಥರು ಸದಸ್ಯರಾಗುವಂತೆಯೇ ಇಲ್ಲ.

ಗೌಪ್ಯತೆಯ ಹೆಸರಿನಲ್ಲಿ ಅತಿ ಮಾಡುವುದೂ ಅಪಾಯ. ಸಾಕ್ಷಿಗಳ ಹೇಳಿಕೆಯನ್ನು ಎದುರಿನವರಿಗೆ ತೋರಿಸದೆ, ಉತ್ತರಿಸಲು ಸಮಯ ಕೊಡದೆ ಮುಗಿಸಿದ ವಿಚಾರಣೆ ಮೇಲ್ಮನವಿಯಲ್ಲಿ ನಿಲ್ಲುವುದಿಲ್ಲ. ಗೋವಾ ವಿಶ್ವವಿದ್ಯಾಲಯದ ಪ್ರಕರಣವೊಂದರಲ್ಲಿ ಸಮಿತಿ ಅವಸರ ಮಾಡಿತು ಎಂಬ ಕಾರಣಕ್ಕೆ ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಶಿಕ್ಷೆಯನ್ನು ರದ್ದುಮಾಡಿತು. 2009ರ ವಿಚಾರಣೆ 14 ವರ್ಷಗಳ ಮೇಲೆ ಸಮಿತಿಯ ಮುಂದೆಯೇ ವಾಪಸು ಬಂತು. ಅಷ್ಟು ವರ್ಷ ಕಾದ ದೂರುದಾರರ ಸ್ಥಿತಿ ನೆನೆದರೆ ಸಂಕಟವಾಗುತ್ತದೆ.

ಪ್ರಶ್ನೆ: ತೀರ್ಪು ಬರುವವರೆಗೆ ಅದೇ ಗೈಡ್ ಕೈಕೆಳಗೆ ಇರಬೇಕೇ?

ಉತ್ತರ: ಬೇಡ. ಮಧ್ಯಂತರ ಪರಿಹಾರವನ್ನು ಬರಹದಲ್ಲಿ ಕೇಳಿ. ನಿಮ್ಮ ಕೆಲಸ, ಪರೀಕ್ಷೆಗಳ ಮೌಲ್ಯಮಾಪನ ಮಾಡದಂತೆ ಅವರನ್ನು ತಡೆಯಬಹುದು, ನಿಮ್ಮಿಂದ ದೂರವಿರುವಂತೆ ಎಚ್ಚರಿಸಬಹುದು, ನಿಮಗೆ 3 ತಿಂಗಳವರೆಗೆ ರಜೆ ಕೊಡಬಹುದು. ಸಮಿತಿ ಇದನ್ನು ತಾನಾಗಿಯೇ ಕೊಡುತ್ತದೆ ಎಂದುಕೊಳ್ಳಬೇಡಿ.

ಪ್ರಶ್ನೆ: ‘ವಿಷಯ ಗೌಪ್ಯ, ಯಾರ ಹತ್ತಿರವೂ ಮಾತಾಡಬೇಡ’ ಎಂದು ಸಮಿತಿ ಹೇಳಿದೆ. ಅಮ್ಮನಿಗೂ ಹೇಳಬಾರದೇ?

ಉತ್ತರ: ಹೇಳಬಹುದು. 2013ರ ಕಾಯ್ದೆಯ 16ನೇ ಸೆಕ್ಷನ್ ತಡೆಯುವುದು ದೂರಿನ ವಿವರ, ಗುರುತುಗಳನ್ನು ಸಾರ್ವಜನಿಕರಿಗೆ, ಪತ್ರಿಕೆ ಮತ್ತು ಮಾಧ್ಯಮಗಳಿಗೆ ತಿಳಿಸುವುದನ್ನು. ಮಾಹಿತಿ ಹಕ್ಕಿನ ಅರ್ಜಿ ಹಾಕಿದವರಿಗೂ ಅದು ಸಿಗುವುದಿಲ್ಲ. ಆದರೆ ತಾಯಿ, ವೈದ್ಯರು, ಆಪ್ತಸಮಾಲೋಚಕರು, ವಕೀಲರು, ಪೊಲೀಸರು ಈ ಸಾಲಿಗೆ ಸೇರಿದವರಲ್ಲ. ವಕೀಲರು ಸಮಿತಿಯ ಮುಂದೆ ನಿಮ್ಮ ಪರ ಬರುವಂತಿಲ್ಲ, ಅಷ್ಟೆ.

ಪ್ರಶ್ನೆ: ದೂರು ಸಾಬೀತಾಗದಿದ್ದರೆ ನನಗೇ ಶಿಕ್ಷೆಯೇ?

ಉತ್ತರ: ಇಲ್ಲ. ಸಾಬೀತುಪಡಿಸಲಾಗದ ಮಾತ್ರಕ್ಕೆ ಕ್ರಮ ಕೈಗೊಳ್ಳುವಂತಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ದುರುದ್ದೇಶ ಇತ್ತು ಎಂದು ಪ್ರತ್ಯೇಕವಾಗಿ ವಿಚಾರಿಸಿ ಸ್ಥಾಪಿಸಿದ ಮೇಲಷ್ಟೇ ಅಂಥ ಮಾತು. ವಿಚಾರಣೆ 90 ದಿನದಲ್ಲಿ, ವರದಿ ಅಲ್ಲಿಂದ 10 ದಿನದಲ್ಲಿ ಬರಬೇಕು. ಪ್ರತಿ ನಿಮಗೂ ಸಿಗಬೇಕು. ಯುಜಿಸಿ ನಿಯಮಾವಳಿಯಡಿ ಮೇಲ್ಮನವಿಗೆ 30 ದಿನ ಅವಕಾಶವಿದೆ. ವರದಿ ಕೈಗೆ ಬಂದ ದಿನಾಂಕವನ್ನು ಅದರ ಮೇಲೆಯೇ ಬರೆದು ಸಹಿ ಹಾಕಿಸಿಕೊಳ್ಳಿ.