ಗರಡಿಗೆ ಹೋಗಲು ಒಲ್ಲೆನ್ನುವ ಮಗ

ಪ್ರಶ್ನೆ: ನನ್ನ ಮಗನಿಗೆ ಹದಿಮೂರೂವರೆ ವರ್ಷ, ಎಂಟನೆಯ ತರಗತಿಯಲ್ಲಿದ್ದಾನೆ. ಎರಡು ವರ್ಷಗಳಿಂದ ನಸುಕಿನಲ್ಲೇ ಎದ್ದು ಊರ ಗರಡಿಮನೆಗೆ ಹೋಗುತ್ತಿದ್ದವನು ಈಗ ಮೂರು ತಿಂಗಳಿಂದ ಒಲ್ಲೆ ಎನ್ನುತ್ತಾನೆ. ಈ ಬಿಸಿಲಿನಲ್ಲೂ ಅಂಗಿಯೊಳಗೆ ಎರಡು ಬನಿಯನ್ ಹಾಕುತ್ತಾನೆ. ಮೊನ್ನೆ ಎಣ್ಣೆ ಹಚ್ಚುವಾಗ ಕೈ ಎದೆಗೆ ತಾಗಿದ್ದಕ್ಕೆ ಚೀರಿದ. ಬಹಳ ಕೇಳಿದ ಮೇಲೆ, ಎಡಗಡೆಯ ಮೊಲೆತೊಟ್ಟಿನ ಕೆಳಗೆ ಗಂಟಾಗಿದೆ ಎಂದ. ತನ್ನ ಚಾದರವನ್ನು ಯಾರೂ ಏಳುವ ಮೊದಲೇ ತಾನೇ ಒಗೆದು ಹಾಕುತ್ತಾನೆ. ಮಾತೆತ್ತಿದರೆ ಸಿಟ್ಟು. ನಮ್ಮ ಮನೆಯವರು ‘ಹೆಣ್ಣಮಕ್ಕಳಂಗ ಯಾಕ ನಾಚ್ತೀಯೋ’ ಎಂದು ಎಲ್ಲರೆದುರು ಹಂಗಿಸುತ್ತಾರೆ. ಇದು ಕ್ಯಾನ್ಸರ್ ಆಗಿರಬಹುದೇ? ಹಾರ್ಮೋನಿನ ಗುಳಿಗೆ ಕೊಡಿಸಬೇಕೇ?
— ಒಬ್ಬ ತಾಯಿ, ಜಮಖಂಡಿ ತಾಲ್ಲೂಕು

ಉತ್ತರ: ಈ ವಯಸ್ಸಿನ ಹುಡುಗರಲ್ಲಿ ಎದೆಯ ಕ್ಯಾನ್ಸರ್ ಅತ್ಯಂತ ಅಪರೂಪ, ಆ ಭಯವನ್ನು ಮೊದಲು ಬದಿಗಿಡಿ. ನೀವು ವಿವರಿಸಿರುವಂಥ ಗಂಟು ಹರೆಯಕ್ಕೆ ಕಾಲಿಟ್ಟ ಹುಡುಗರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸ್ವಲ್ಪ ಕಾಲ ಕಾಣಿಸಿಕೊಳ್ಳುತ್ತದೆ, ಅದರಲ್ಲೂ ಹದಿಮೂರು–ಹದಿನಾಲ್ಕನೆಯ ವಯಸ್ಸಿನಲ್ಲಿ ಹೆಚ್ಚು. ಒಂದೇ ಕಡೆ ಆಗಬಹುದು, ಎರಡೂ ಕಡೆ ಆಗಬಹುದು, ಅಥವಾ ಒಂದು ಕಡೆ ಆದ ಕೆಲವು ತಿಂಗಳ ನಂತರ ಇನ್ನೊಂದು ಕಡೆ ಆಗಬಹುದು. ತೊಟ್ಟಿನ ನೇರ ಕೆಳಗೆ, ಚರ್ಮದಡಿಯಲ್ಲಿ, ಒಂದು ರೂಪಾಯಿ ನಾಣ್ಯದಷ್ಟಗಲದ ರಬ್ಬರಿನಂಥ ಬಿಲ್ಲೆಯೊಂದು ಬೆರಳಿಗೆ ತಾಗಿ ತುಸು ಜರುಗುತ್ತದೆ. ಮುಟ್ಟಿದರೆ, ಅಂಗಿ ಉಜ್ಜಿದರೂ, ನೋಯುತ್ತದೆ. ಗರಡಿಯಲ್ಲಿ ಎದೆಗೆ ಎದೆ ಕೊಟ್ಟು ಹಿಡಿಯುವ ಹುಡುಗನಿಗೆ ಆ ನೋವು ಎಷ್ಟಿರಬಹುದೆಂದು ಊಹಿಸಿ. ಅಲ್ಲಿ ಲಂಗೋಟಿಯ ಹೊರತು ಮೈಮೇಲೆ ಬಟ್ಟೆ ಇರದ ಕಾರಣ ಮುಚ್ಚಿಡುವುದಕ್ಕೂ ದಾರಿಯಿಲ್ಲ. ಅವನು ಕುಸ್ತಿಗೆ ಬೇಸತ್ತಿಲ್ಲ, ಅಂಗಿ ಕಳಚಲು ಅಂಜಿದ್ದಾನೆ.

ಮಿದುಳಿನ ಹೈಪೋಥಲಮಸ್ ಭಾಗದಿಂದ ಹೊರಟ ಸಂದೇಶ ಪಿಟ್ಯುಟರಿ ಗ್ರಂಥಿಯ ಮೂಲಕ ವೃಷಣಗಳನ್ನು ಎಚ್ಚರಿಸಿದಾಗ ಹುಡುಗರ ಹರೆಯ ಆರಂಭವಾಗುತ್ತದೆ. ಸಾಮಾನ್ಯವಾಗಿ ಇದು 9ರಿಂದ 14 ವರ್ಷದೊಳಗೆ ನಡೆಯುತ್ತದೆ. ಆಗ ಸ್ರವಿಸುವ ಟೆಸ್ಟೊಸ್ಟೆರಾನಿನ ಒಂದು ಪಾಲು ಕೊಬ್ಬಿನ ಅಂಗಾಂಶದಲ್ಲಿ ಈಸ್ಟ್ರೋಜನ್ ಆಗಿ ಮಾರ್ಪಡುತ್ತದೆ. ಹೆಣ್ಣಿನದೆಂದು ನಾವು ಕರೆಯುವ ಈ ಹಾರ್ಮೋನು ಪ್ರತಿಯೊಬ್ಬ ಗಂಡಸಿನಲ್ಲೂ, ಗರಡಿಯ ವಸ್ತಾದರಲ್ಲೂ, ಇರುತ್ತದೆ. ಟೆಸ್ಟೊಸ್ಟೆರಾನ್ ಇನ್ನೂ ಪೂರ್ತಿ ಏರದಿರುವ ನಡುಗಾಲದಲ್ಲಿ ಈಸ್ಟ್ರೋಜನ್ನಿನ ಪ್ರಭಾವ ತುಸು ಮೇಲಾಗುವುದರಿಂದ ಎದೆಯ ಗ್ರಂಥಿ ಉಬ್ಬುತ್ತದೆ. ಆರು ತಿಂಗಳಿಂದ ಎರಡು ವರ್ಷದೊಳಗೆ ಬಹುಪಾಲು ಹುಡುಗರಲ್ಲಿ ಇದು ತಾನಾಗಿಯೇ ಇಳಿಯುತ್ತದೆ.

ಆದ್ದರಿಂದ ಹಾರ್ಮೋನಿನ ಗುಳಿಗೆ ಬೇಡ, ಮುಲಾಮು ಬೇಡ, ಬಟ್ಟೆಯಿಂದ ಬಿಗಿದು ಕಟ್ಟುವುದೂ ಬೇಡ. ಹಿಂಡಿದರೆ ಕರಗುತ್ತದೆಂದು ಯಾರಾದರೂ ಹೇಳಿದರೆ ಕೇಳಬೇಡಿ, ನೋವು ಹೆಚ್ಚುವುದಷ್ಟೇ ಲಾಭ. ಆದರೆ ಗಂಟು ಕಲ್ಲಿನಂತೆ ಗಟ್ಟಿಯಾಗಿದ್ದರೆ, ತೊಟ್ಟಿನ ಕೆಳಗಿರದೆ ಪಕ್ಕಕ್ಕಿದ್ದರೆ, ತೊಟ್ಟಿನಿಂದ ದ್ರವ ಬಂದರೆ, ವೃಷಣದಲ್ಲಿ ಗಡ್ಡೆ ಕಂಡರೆ, ಇಲ್ಲವೆ ಎರಡು ವರ್ಷ ಕಳೆದರೂ ಇಳಿಯದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಮೈ ಬೇಗ ಕಟ್ಟಲೆಂದು ಯಾರಾದರೂ ಪುಡಿ, ಗುಳಿಗೆ, ಇಂಜೆಕ್ಷನ್ ಕೊಟ್ಟಿದ್ದಾರೆಯೇ ಎಂಬುದನ್ನೂ ಅವನಿಂದ ಸಮಾಧಾನವಾಗಿ ತಿಳಿದುಕೊಳ್ಳಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ಅದರಿಂದಲೂ ಎದೆ ಊದಿಕೊಳ್ಳುತ್ತದೆ.

ಚಾದರದ ಸಂಗತಿಯನ್ನು ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನನಗೆ ಅದು ಗಂಟಿನಷ್ಟೇ ಮುಖ್ಯವೆನಿಸಿತು. ನಿದ್ದೆಯಲ್ಲಿ ವೀರ್ಯ ಹೊರಬರುವುದು ಈ ವಯಸ್ಸಿನ ಸಹಜ ಬೆಳವಣಿಗೆ. ಅದರಿಂದ ಶಕ್ತಿ ಕುಂದುವುದಿಲ್ಲ, ತೂಕ ಇಳಿಯುವುದಿಲ್ಲ, ಕುಸ್ತಿಯ ಪಟ್ಟುಗಳೂ ಸಡಿಲವಾಗುವುದಿಲ್ಲ. ಆದರೆ ಬ್ರಹ್ಮಚರ್ಯದ ಮಾತು ಪದೇ ಪದೇ ಕಿವಿಗೆ ಬೀಳುವ ಗರಡಿಯ ಹುಡುಗರು ಇದನ್ನು ತಮ್ಮ ತಪ್ಪೆಂದೇ ಎಣಿಸಿ ಒಳಗೊಳಗೇ ಕೊರಗುತ್ತಾರೆ. ಬಸ್ ನಿಲ್ದಾಣದ ಗೋಡೆಗಳ ಮೇಲಿನ ‘ಗುಪ್ತರೋಗ’, ‘ಧಾತುಕ್ಷಯ’ದ ಜಾಹೀರಾತುಗಳು ಬದುಕಿರುವುದೇ ಈ ಕೊರಗಿನ ಮೇಲೆ. ಚಾದರದ ಬಗ್ಗೆ ನೀವು ಅವನನ್ನು ಪ್ರಶ್ನಿಸುವ ಅಗತ್ಯವಿಲ್ಲ. ಒಗೆದದ್ದೊಂದು ಚಾದರ ಅವನ ಕೈಗೆ ಸಿಗುವಲ್ಲಿ ಇಟ್ಟಿದ್ದರೆ ಸಾಕು.

ಇನ್ನು ಸಿಟ್ಟು. ಭಾವನೆಗಳನ್ನು ಕೆರಳಿಸುವ ಮಿದುಳಿನ ಭಾಗ ಈ ವಯಸ್ಸಿಗೆ ಚುರುಕಾಗಿರುತ್ತದೆ, ತಡೆದು ಯೋಚಿಸುವ ಮುಂಭಾಗ ಮಾತ್ರ ಇಪ್ಪತ್ತೈದರ ಆಸುಪಾಸಿನವರೆಗೂ ಮಾಗುತ್ತಲೇ ಇರುತ್ತದೆ. ಇದರ ಜೊತೆಗೆ ನಿದ್ದೆ ತರಿಸುವ ಮೆಲಟೋನಿನ್ ಮೊದಲಿಗಿಂತ ಒಂದೆರಡು ತಾಸು ತಡವಾಗಿ ಸ್ರವಿಸುವುದರಿಂದ, ರಾತ್ರಿ ಹನ್ನೊಂದಕ್ಕೆ ಮಲಗಿ ನಸುಕಿನ ಐದಕ್ಕೆ ಏಳಬೇಕಾದ ಹುಡುಗನಿಗೆ ಬೇಕಾದ ಎಂಟರಿಂದ ಹತ್ತು ತಾಸಿನ ನಿದ್ದೆ ಸಿಗುವುದೇ ಇಲ್ಲ. ನಿದ್ದೆಗೆಟ್ಟ, ಮೈ ನೋಯುವ, ಎಲ್ಲರೆದುರು ಹಂಗಿಸಿಕೊಂಡ ಹುಡುಗ ಸಿಡುಕದೆ ಇದ್ದರೆ ನಾನು ಆಶ್ಚರ್ಯಪಡುತ್ತಿದ್ದೆ.

ನಮ್ಮ ಕಡೆ ಹುಡುಗಿ ಮೈನೆರೆದರೆ ಓಣಿಯ ಹೆಂಗಸರೆಲ್ಲ ಸೇರಿ ಆರತಿ ಎತ್ತಿ ಉಡಿ ತುಂಬುತ್ತಾರೆ. ಆ ಆಚರಣೆಯಲ್ಲಿ ನನಗೆ ಒಪ್ಪಿಗೆಯಿಲ್ಲದ ಅಂಶಗಳು ಹಲವು ಇವೆಯಾದರೂ, ‘ನಿನಗೆ ಆಗಿರುವುದು ನಮಗೆಲ್ಲ ಆಗಿದೆ’ ಎಂಬ ಮಾತು ಅಲ್ಲಿ ಆ ಹುಡುಗಿಯನ್ನು ತಲುಪುತ್ತದೆ. ಹುಡುಗನಿಗೆ ಆ ಮಾತನ್ನು ಹೇಳುವವರೇ ಇಲ್ಲ. ಧ್ವನಿ ಒಡೆದಾಗ ನಗುತ್ತೇವೆ, ಮೀಸೆ ಚಿಗುರಿದಾಗ ಚೇಷ್ಟೆ ಮಾಡುತ್ತೇವೆ, ಅಷ್ಟಕ್ಕೆ ಮುಗಿಯಿತು.

ಆದ್ದರಿಂದ ಈ ಉತ್ತರವನ್ನು ನಿಮ್ಮ ಯಜಮಾನರಿಗೆ ಓದಿ ಹೇಳಿ. ಅವರಿಗೂ ಈ ವಯಸ್ಸಿನಲ್ಲಿ ಇದೇ ಗಂಟು ಆಗಿ ಮರೆತುಹೋಗಿರುವ ಸಾಧ್ಯತೆ ಕಡಿಮೆಯೇನಲ್ಲ. ಎದುರು ಕೂರಿಸಿಕೊಂಡು ಉಪದೇಶ ಮಾಡುವುದಕ್ಕಿಂತ, ಬೈಕಿನ ಹಿಂದೆ ಕೂರಿಸಿಕೊಂಡು ಕಬ್ಬಿನ ಹೊಲಕ್ಕೆ ಹೋಗುವಾಗ, ಮುಖ ನೋಡದೆಯೇ, ‘ಎದಿಯಾಗ ಗಂಟಾಗೇತಂತಲ್ಲ, ಭಾಳ ಹುಡುಗರಿಗೆ ಆಗ್ತೈತಿ, ತಾನ ಹೋಗ್ತೈತಿ’ ಎಂದರೆ ಸಾಕು. ಅವರಿಂದ ಆಗದಿದ್ದರೆ ಸೋದರಮಾವನೋ ಕಾಕಾನೋ ಹೇಳಲಿ. ವಸ್ತಾದರಿಗೂ ಒಂದು ಮಾತು ಹೇಳಿಟ್ಟರೆ, ನೋವು ಇಳಿಯುವವರೆಗೆ ಹುಡುಗ ಬನಿಯನ್ ಹಾಕಿಕೊಂಡೇ ದಂಡ, ಬೈಠಕ್ ಮಾಡಲು ಅವರು ಒಪ್ಪಬಹುದು.

ಒಮ್ಮೆ ವೈದ್ಯರಿಗೆ ತೋರಿಸಿದರೆ ನಿಮಗೂ ಅವನಿಗೂ ಧೈರ್ಯ ಬರುತ್ತದೆ. 10ರಿಂದ 19 ವರ್ಷದವರಿಗಾಗಿ ತಾಲ್ಲೂಕು ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ ಎಂಬ ವಿಭಾಗವಿದ್ದು, ಅಲ್ಲಿ ಶುಲ್ಕವಿಲ್ಲದೆ ತಪಾಸಣೆ, ಸಮಾಲೋಚನೆ ಎರಡೂ ದೊರೆಯುತ್ತವೆ. ಎದೆಯನ್ನೂ ವೃಷಣಗಳನ್ನೂ ಕೈಯಿಂದ ಮುಟ್ಟಿ ನೋಡುವುದರಲ್ಲೇ ಸಾಮಾನ್ಯವಾಗಿ ಪರೀಕ್ಷೆ ಮುಗಿಯುತ್ತದೆ. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಬೇಕಾಗುವುದು ಕಡಿಮೆ. ಹೋದಾಗ ಸ್ವಲ್ಪ ಹೊತ್ತು ಅವನೊಬ್ಬನನ್ನೇ ವೈದ್ಯರ ಬಳಿ ಬಿಟ್ಟು ನೀವು ಹೊರಗಿನ ಬೆಂಚಿನ ಮೇಲೆ ಕುಳಿತಿರಿ. ನಿಮ್ಮೆದುರು ಕೇಳಲಾಗದ ಪ್ರಶ್ನೆಗಳು ಅವನಲ್ಲಿ ಇನ್ನೂ ಇರುತ್ತವೆ.